ಮರಣದ ಮನೆಯಲ್ಲಿ ಹಿರಿಯರು

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮರಣ ಸಂಭವಿಸಿದ ಮನೆಗೆ ಹೋದಾಗ ನಾವೆಲ್ಲರೂ ಹೇಳಿ ಬರುವ ಮಾತೊಂದಿದೆ. 'ಸಬ್ರ್ ಮಾಡಿ, ಅಲ್ಲಾಹನ ತೀರ್ಮಾನ.' ಮಾತು ತಪ್ಪಲ್ಲ. ಆದರೆ ಅಳುತ್ತಿರುವ ತಾಯಿಯ ಮುಂದೆ ನಿಂತು ಅವಸರದಲ್ಲಿ ಅದನ್ನು ಉಚ್ಚರಿಸಿದಾಗ ಅದು ಸಾಂತ್ವನವಾಗಿ ಉಳಿಯುವುದಿಲ್ಲ, ಆಜ್ಞೆಯಾಗಿ ಬಿಡುತ್ತದೆ. ಅಳು ನಿಲ್ಲಿಸು ಎಂಬ ಆಜ್ಞೆ. ಸಹನೆಯೆಂದರೆ ಮೌನ ಎಂದು ನಾವು ಯಾವಾಗ ತಿಳಿದುಕೊಂಡೆವೋ ಗೊತ್ತಿಲ್ಲ. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಹಸುಗೂಸು ಇಬ್ರಾಹೀಮ್‌ನ ಅಂತ್ಯ ಕಾಲದಲ್ಲಿ ಕಣ್ಣೀರು ಹರಿಸಿದ್ದರು. ಜೊತೆಯಲ್ಲಿದ್ದ ಸಂಗಾತಿಗೆ ಅದನ್ನು ಕಂಡು ಆಶ್ಚರ್ಯವಾದಾಗ, ಇದು ಕರುಣೆ ಎಂದು ವಿವರಿಸಿದ್ದರು. ಅವರು ನಿಷೇಧಿಸಿದ್ದು ಎದೆ ಬಡಿದುಕೊಂಡು, ಬಟ್ಟೆ ಹರಿದುಕೊಂಡು ಗೋಳಾಡುವುದನ್ನೇ ಹೊರತು ಕಣ್ಣೀರನ್ನಲ್ಲ.

ಹಾಗಾದರೆ ದುಃಖದಲ್ಲಿರುವವರು ಯಾರ ಬಳಿ ಹೋಗಬೇಕು? ಈ ಪ್ರಶ್ನೆಗೆ ಇಸ್ಲಾಮಿನ ಇತಿಹಾಸದಲ್ಲಿ ಬಹಳ ಸುಂದರವಾದ ಉತ್ತರವೊಂದಿದೆ. ಅದನ್ನು ನಾವು ಮಿಂಬರ್‌ಗಳಿಂದ ಹೆಚ್ಚಾಗಿ ಕೇಳುವುದಿಲ್ಲ.

ಹಿಜರಿ 11ನೇ ವರ್ಷ, ಅಂದರೆ ಕ್ರಿ.ಶ. 632. ಪ್ರವಾದಿವರ್ಯರು(ಸ) ಇಹಲೋಕ ತ್ಯಜಿಸಿದ್ದಾರೆ. ರಾಜ್ಯದ ಹೊಣೆ ಅಬೂಬಕರ್(ರ)ರ ಹೆಗಲೇರಿದೆ. ಆ ಸಂದರ್ಭದಲ್ಲಿ ಅವರು ಉಮರ್(ರ)ರನ್ನು ಕರೆದು, ಪ್ರವಾದಿಯವರು ಭೇಟಿ ಮಾಡುತ್ತಿದ್ದಂತೆಯೇ ನಾವೂ ಉಮ್ಮು ಐಮನ್‌ರನ್ನು ಕಂಡು ಬರೋಣ ಎನ್ನುತ್ತಾರೆ. ಯಾರು ಈ ಉಮ್ಮು ಐಮನ್(ರ)? ಅಬಿಸೀನಿಯಾ ಮೂಲದ ವೃದ್ಧೆ. ಒಂದು ಕಾಲದಲ್ಲಿ ಪ್ರವಾದಿಯವರ ತಂದೆಯ ಮನೆಯಲ್ಲಿ ದಾಸಿಯಾಗಿದ್ದವರು. ಮಕ್ಕಾ ಮತ್ತು ಮದೀನಾದ ನಡುವಿನ ಅಬ್ವಾ ಎಂಬಲ್ಲಿ ತಾಯಿ ಆಮಿನಾ ಕೊನೆಯುಸಿರೆಳೆದಾಗ, ಆರು ವರ್ಷದ ಅನಾಥ ಬಾಲಕನನ್ನು ಅಜ್ಜ ಅಬ್ದುಲ್ ಮುತ್ತಲಿಬರ ಬಳಿಗೆ ಮರಳಿ ತಂದು ಮುಟ್ಟಿಸಿದವರು ಅವರೇ. ಮುಂದೆ ಅವರ ಪತಿ ಝೈದ್ ಬಿನ್ ಹಾರಿಸ(ರ) ಮುಅ್ತ ಯುದ್ಧದಲ್ಲಿ ಹುತಾತ್ಮರಾದರು. ಮಗ ಐಮನ್(ರ) ಹುನೈನ್‌ನಲ್ಲಿ ಹುತಾತ್ಮರಾದರು. ಇವೆರಡೂ ಹಿಜರಿ 8ನೇ ವರ್ಷದಲ್ಲೇ. ಈಗ ತಮ್ಮ ಕೈಯಲ್ಲಿ ಬೆಳೆದ ಆ ಬಾಲಕನೂ ಹೊರಟು ಹೋಗಿದ್ದಾರೆ.

ಇಬ್ಬರನ್ನೂ ಕಂಡೊಡನೆ ವೃದ್ಧೆ ಅತ್ತರು. ಪ್ರವಾದಿಯವರಿಗೆ ಅಲ್ಲಾಹನ ಬಳಿ ಇರುವುದೇ ಉತ್ತಮವಲ್ಲವೇ ಎಂದು ಅವರು ಸಮಾಧಾನಪಡಿಸಿದರು. ಅದು ನನಗೂ ಗೊತ್ತು, ಆಕಾಶದಿಂದ ದಿವ್ಯವಾಣಿ ಬರುವುದು ನಿಂತು ಹೋಯಿತಲ್ಲ, ಅದಕ್ಕಾಗಿ ಅಳುತ್ತಿದ್ದೇನೆ ಎಂದರು ಆಕೆ. ಸಮಾಧಾನ ಹೇಳಲು ಹೋದ ಇಬ್ಬರೂ ಅವರೊಂದಿಗೆ ಕುಳಿತು ಅತ್ತರು. ಸಹೀಹ್ ಮುಸ್ಲಿಮ್‌ನಲ್ಲಿ ಈ ವರದಿ ಇದೆ.

ಇಲ್ಲಿ ಯಾರು ಯಾರನ್ನು ಸಂತೈಸಿದರು? ಸಮುದಾಯದ ಅತ್ಯುನ್ನತ ನಾಯಕರಿಬ್ಬರು ಆ ಮನೆಗೆ ಹೋದದ್ದು ಬರಿಯ ಔಪಚಾರಿಕತೆಗಾಗಿ ಅಲ್ಲ ಎಂಬುದು ನಮ್ಮ ಭಾವನೆ. ತಾವು ಕಳೆದುಕೊಂಡ ವ್ಯಕ್ತಿಯನ್ನು ಮಗುವಾಗಿ ಕಂಡಿದ್ದ, ತಮಗಿಂತ ಹೆಚ್ಚು ಸಾವುಗಳನ್ನು ಕಂಡಿದ್ದ ಒಬ್ಬ ಹಿರಿಯ ಸ್ತ್ರೀ ಅವರಿಗೆ ಬೇಕಿದ್ದರು. ಜಗತ್ತಿನ ಭಾರ ಹೊತ್ತವರಿಗೆ ಅಳಲು ಒಂದು ಮನೆ ಬೇಕಿತ್ತು.

ಯಾಕೂಬ್(ಅ)ರನ್ನು ನೋಡಿ. ಯೂಸುಫ್(ಅ)ರಿಗಾಗಿ ಮರುಗಿ ಅವರ ಕಣ್ಣುಗಳು ಬೆಳ್ಳಗಾದುವೆಂದು ಕುರ್‌ಆನಿನ 12ನೇ ಅಧ್ಯಾಯ ತಿಳಿಸುತ್ತದೆ. ಇನ್ನೆಷ್ಟು ಕಾಲ ಅವನನ್ನೇ ನೆನೆಯುತ್ತೀರಿ ಎಂದು ಮಕ್ಕಳು ಆಕ್ಷೇಪಿಸುತ್ತಾರೆ. ಆದರೆ ಅದೇ ಅಧ್ಯಾಯದಲ್ಲಿ, ನಿರಾಶರಾಗಬೇಡಿ, ಹೋಗಿ ಹುಡುಕಿರಿ ಎಂದು ಮಕ್ಕಳಿಗೆ ದಾರಿ ತೋರಿಸಿದವರೂ ಅದೇ ಕುರುಡು ತಂದೆ. ಅಳುವ ಹಿರಿಯರು ಮಾರ್ಗದರ್ಶನ ಮಾಡಲಾರರು ಎಂದು ಭಾವಿಸುವ ಇಂದಿನ ನಾವು ಇದನ್ನು ಮತ್ತೊಮ್ಮೆ ಓದಬೇಕಾಗಿದೆ.

ಇನ್ನು ಜಅ್‌ಫರ್(ರ)ರ ಮನೆ. ಅವರೂ ಮುಅ್ತದಲ್ಲೇ ಹುತಾತ್ಮರಾದವರು. ಪ್ರವಾದಿಯವರು(ಸ) ಆ ಮನೆಗೆ ಅಡುಗೆ ಮಾಡಿ ಕಳುಹಿಸುವಂತೆ ಜನರಿಗೆ ಹೇಳಿದರು. ಮನೆಯವರು ದುಃಖದಲ್ಲಿದ್ದಾರೆ, ಒಲೆ ಹಚ್ಚುವ ಸ್ಥಿತಿಯಲ್ಲಿಲ್ಲ ಎಂಬುದು ಕಾರಣ. (ನಮ್ಮಲ್ಲಿ ಮೂರನೆಯ ದಿನ, ನಲ್ವತ್ತನೆಯ ದಿನ ಎಂದು ಆ ಮನೆಯವರಿಂದಲೇ ಊಟ ಹಾಕಿಸಿ, ಬಿರಿಯಾನಿಗೆ ಉಪ್ಪು ಕಡಿಮೆಯಾಯಿತೆಂದು ಮಾತನಾಡಿಕೊಂಡು ಬರುವವರಿದ್ದಾರೆ. ಅದರ ಬಗ್ಗೆ ಇನ್ನೊಂದು ದಿನ ಮಾತನಾಡೋಣ.) ಮೂರು ದಿನಗಳ ಬಳಿಕ ಬಂದು, ಇನ್ನು ಅಳುವುದು ಸಾಕು ಎಂದರು. ಮೂರು ದಿನ ಅಳಲು ಬಿಟ್ಟ ನಂತರವೇ ಆ ಮಾತು ಬಂತು ಎಂಬುದನ್ನು ಗಮನಿಸಬೇಕು. ಹಕ್ಕಿ ಮರಿಗಳಂತಿದ್ದ ಮಕ್ಕಳನ್ನು ಕರೆಸಿದರು. ಕ್ಷೌರಿಕನನ್ನು ಕರೆಸಿ ಅವರ ತಲೆ ಬೋಳಿಸಿದರು. ಇವನು ನಮ್ಮ ದೊಡ್ಡಪ್ಪ ಅಬೂತಾಲಿಬರನ್ನು ಹೋಲುತ್ತಾನೆ, ಇವನು ರೂಪದಲ್ಲೂ ಸ್ವಭಾವದಲ್ಲೂ ನನ್ನಂತೆ ಎಂದರು. ತಂದೆಯಿಲ್ಲದ ಮಗುವಿಗೆ ತಾನು ಯಾರ ಪೈಕಿ ಎಂದು ತಿಳಿಸಿ ಕೊಡುವ ಕೆಲಸ ಹಿರಿಯರದು. ಮಕ್ಕಳ ಅನಾಥತನದ ಬಗ್ಗೆ ತಾಯಿ ಅಳಲು ತೋಡಿಕೊಂಡಾಗ, ಅವರ ಪೋಷಕ ನಾನಿರುವಾಗ ಬಡತನದ ಭಯವೇಕೆ ಎಂದು ಕೇಳಿದರು. ಬರಿಯ ಮಾತಿನ ಸಾಂತ್ವನವಾಗಿರಲಿಲ್ಲ ಅದು.

ಹಿರಿಯರು ಹೇಳಿದ್ದೆಲ್ಲವೂ ಸರಿಯೆಂದು ನಾವು ವಾದಿಸುತ್ತಿಲ್ಲ. ವಿಧವೆಯ ಮುಖ ನೋಡಬಾರದು, ಇದ್ದತ್‌ನಲ್ಲಿರುವವಳು ಕತ್ತಲೆ ಕೋಣೆಯಿಂದ ಹೊರಬರಬಾರದು ಎಂದು ಹೇಳುವವರಲ್ಲಿಯೂ ಹಿರಿಯರಿದ್ದಾರೆ. ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಕಾರಾಗೃಹವಲ್ಲ. ಅಂತಹ ಮಾತುಗಳನ್ನು ಗೌರವದಿಂದಲೇ ತಿದ್ದಬೇಕು. ನಮಗೆ ಹಿರಿಯರಿಂದ ಬೇಕಾಗಿರುವುದು ಸಂಪ್ರದಾಯದ ಹುಕುಂ ಅಲ್ಲ, ಸಾವನ್ನು ಕಂಡು ಬದುಕಿದವರ ಅನುಭವ.

ಆದರೆ ಇಂದು ನಾವು ಅದಕ್ಕೂ ಬಾಗಿಲು ಮುಚ್ಚಿದ್ದೇವೆ. ಕರಾವಳಿಯ ಎಷ್ಟೋ ಮನೆಗಳಿಗೆ ಸಾವು ದೂರದಿಂದ, ಫೋನಿನಲ್ಲಿ ಬರುತ್ತದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಮಂದಿ ಮೃತಪಟ್ಟಾಗ ಎಷ್ಟೋ ಮನೆಯವರಿಗೆ ಮುಖ ನೋಡುವ ಭಾಗ್ಯವೂ ಇರಲಿಲ್ಲ. 2020 ಮತ್ತು 2021ರ ಕೊರೋನಾ ಕಾಲದಲ್ಲೂ ಅದೇ ಆಯಿತು. ಇಂತಹ ಸುದ್ದಿ ಬಂದಾಗ ನಾವು ಮೊದಲು ಮಾಡುವ ಕೆಲಸ, ಮನೆಯ ಹಿರಿಯರಿಗೆ ತಿಳಿಯದಂತೆ ನೋಡಿಕೊಳ್ಳುವುದು. ಅವರ ಹೃದಯ ದುರ್ಬಲ, ತಡೆದುಕೊಳ್ಳಲಾರರು ಎಂಬ ಪ್ರೀತಿಯ ನೆಪ.

ನಾವೂ ಅದನ್ನೇ ಮಾಡಿದವರು. ಕೊಲ್ಲಿಯಲ್ಲಿದ್ದ ನಮ್ಮ ತಮ್ಮ ತೀರಿಕೊಂಡು ಅಲ್ಲಿಯೇ ದಫನ್ ಆದಾಗ ಅಜ್ಜಿಗೆ ಹೇಳಲಿಲ್ಲ. ಬಂದವರನ್ನು ಹಿಂಬಾಗಿಲಿನಿಂದ ಒಳಗೆ ಕರೆದೆವು. ತಮ್ಮನ ಹೆಂಡತಿ ಸ್ನಾನದ ಕೋಣೆಯಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದಳು. ನಾಲ್ಕನೆಯ ದಿನ ಅಜ್ಜಿ ಕೋಲೂರಿಕೊಂಡು ಅಡುಗೆ ಮನೆಗೆ ಬಂದು ನಿಂತರು.

'ನೆರೆಮನೆಯವರ ಪಾತ್ರೆಗಳು ನಮ್ಮ ಮನೆಯಲ್ಲಿವೆ. ಯಾರು ಹೋದದ್ದು, ಹೇಳಿ' ಎಂದರು.

ಹೇಳಿದೆವು. ಅವರು ಅಲ್ಲಿಯೇ ನೆಲದ ಮೇಲೆ ಕುಳಿತು ಬಹಳ ಹೊತ್ತು ಅತ್ತರು. ಆ ಬಳಿಕ ತಮ್ಮನ ಹೆಂಡತಿಯನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು, 'ನಾಲ್ಕು ದಿನ ನನ್ನಿಂದ ಅಡಗಿ ಅತ್ತೆಯಾ ಮಗಳೇ' ಎಂದು ಕೇಳಿದರು. ತನ್ನ ಚೊಚ್ಚಲ ಮಗ ಎರಡು ವರ್ಷದವನಿದ್ದಾಗ ಜ್ವರದಿಂದ ತೀರಿಕೊಂಡದ್ದನ್ನು ಅಂದು ಹೇಳಿದರು. ನಮ್ಮ ತಂದೆಗೆ ಒಬ್ಬ ಅಣ್ಣನಿದ್ದನೆಂದು ಅಂದಿನವರೆಗೆ ನಮಗಾರಿಗೂ ತಿಳಿದಿರಲಿಲ್ಲ. ಆ ರಾತ್ರಿಯಿಂದ ಇದ್ದತ್ ಮುಗಿಯುವವರೆಗೂ ಆಕೆ ಅಜ್ಜಿಯ ಕೋಣೆಯಲ್ಲಿಯೇ ಮಲಗಿದಳು. ತಡರಾತ್ರಿಯವರೆಗೂ ಇಬ್ಬರ ಮಾತು ಕೇಳಿಸುತ್ತಿತ್ತು. ಏನು ಮಾತನಾಡಿಕೊಂಡರೆಂದು ನಾವು ಕೇಳಲಿಲ್ಲ.

ಮರುದಿನ ನೆರೆಮನೆಯ ಪಾತ್ರೆಗಳನ್ನು ಅಜ್ಜಿಯೇ ತೊಳೆಸಿದರು. ಬರಿದಾಗಿ ಹಿಂದಿರುಗಿಸಬಾರದೆಂದು ಪ್ರತಿಯೊಂದರಲ್ಲೂ ಒಂದು ಹಿಡಿ ಸಕ್ಕರೆ ಹಾಕಿ, ತಮ್ಮನ ಮಗನ ಕೈಯಲ್ಲಿ ಕೊಟ್ಟು ಕಳುಹಿಸಿದರು.