ವೈದ್ಯರ ಚೀಟಿಯೂ ಔಷಧಜ್ಞನ ಹೊಣೆಯೂ

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯು ಹೇಳುತ್ತದೆ. ಔಷಧವನ್ನು ಮಾರುವವನಿಗೆ ಅದರಲ್ಲಿ ಬೇರೆ ಸ್ಥಾನವಿಲ್ಲ. ರೋಗವನ್ನರಿತ ವೈದ್ಯನೇ ಔಷಧವನ್ನೂ ಸಿದ್ಧಪಡಿಸುತ್ತಿದ್ದ ಕಾಲಕ್ಕೆ ಅಷ್ಟು ಸಾಕಾಗಿದ್ದಿತು. ಇಂದು ಚೀಟಿಯನ್ನು ಬರೆಯುವ ಕೈ ಒಂದು, ಔಷಧವನ್ನು ಕೊಡುವ ಕೈ ಮತ್ತೊಂದು. ಇವೆರಡೂ ಒಂದನ್ನೊಂದು ಅರಿಯದಿದ್ದರೆ ರೋಗಿಯ ಗತಿಯೇನು?

ಅಥಣಿ ತಾಲ್ಲೂಕಿನ ಐಗಳಿಯಂತಹ ಗಡಿನಾಡಿನ ಗ್ರಾಮವನ್ನು ನೆನೆಯೋಣ. ಆ ಸೀಮೆಯ ಜನರು ದೊಡ್ಡ ಕಾಯಿಲೆಗೆ ಮಹಾರಾಷ್ಟ್ರದ ಮಿರಜಕ್ಕೋ, ವಿಜಯಪುರಕ್ಕೋ, ಬೆಳಗಾವಿಗೋ ಹೋಗುವರು. ಸಣ್ಣ ಜ್ವರ ನೋವುಗಳಿಗೆ ಹತ್ತಿರದ ವೈದ್ಯರನ್ನು ಕಾಣುವರು. ಹೃದಯದ ಕವಾಟವನ್ನು ಬದಲಿಸಿಕೊಂಡ ಒಬ್ಬನಿಗೆ, ರಕ್ತವು ಹೆಪ್ಪುಗಟ್ಟದಿರಲೆಂದು ದೂರದ ಆಸ್ಪತ್ರೆಯವರು ವಾರ್ಫರಿನ್ ಬರೆದಿರುವರೆಂದು ಭಾವಿಸಿ. ಅವನ ಮೊಣಕಾಲು ನೋವಿಗೆ ಇನ್ನೊಬ್ಬ ವೈದ್ಯರು ಡೈಕ್ಲೊಫೆನಾಕ್ ಬರೆದರೆ, ಎರಡೂ ಸೇರಿ ಜಠರದಲ್ಲಿ ರಕ್ತಸ್ರಾವವಾಗುವ ಅಪಾಯವು ಹೆಚ್ಚುವುದು. ಒಬ್ಬ ವೈದ್ಯರ ಚೀಟಿಯನ್ನು ಮತ್ತೊಬ್ಬರು ಕಂಡಿರಲಾರರು. ಎರಡನ್ನೂ ಕಾಣುವ ಅವಕಾಶವಿರುವುದು ಫಾರ್ಮಸಿಸ್ಟ್ ಎನಿಸಿಕೊಂಡ ಊರಿನ ಔಷಧಜ್ಞನಿಗೆ ಮಾತ್ರ.

ಅವನು ಆಗ ಮಾಡಬೇಕಾದುದೇನು? ತಾನೇ ಔಷಧವನ್ನು ಬದಲಿಸುವಂತಿಲ್ಲ. 1945ರ ಔಷಧ ನಿಯಮಗಳು ಅದನ್ನು ನಿಷೇಧಿಸಿವೆ. ತಿಳಿದೂ ಸುಮ್ಮನೆ ಕೊಟ್ಟುಬಿಡುವುದು ಧರ್ಮವಲ್ಲ. ಉಳಿದ ದಾರಿ ಒಂದೇ: ಬರೆದ ವೈದ್ಯರನ್ನು ಕೇಳುವುದು. ಚೀಟಿಯನ್ನು ಕಂಡಾಗ ಮುಖದಲ್ಲಿಯೂ ಗಾಬರಿಯನ್ನು ತೋರಬಾರದೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ವಿಧಿಸಿದೆ. ರೋಗಿಯ ವಿಶ್ವಾಸವು ಕೆಡಬಾರದೆಂಬುದೇ ಇದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ, ವೈದ್ಯರೊಡನೆಯೂ ಮೌನದಿಂದಿರಬೇಕೆಂದಲ್ಲ.

ವೈದ್ಯರಲ್ಲಿ ಕೆಲವರು ಇಂತಹ ಪ್ರಶ್ನೆಯನ್ನು ಅಧಿಕಪ್ರಸಂಗವೆಂದೆಣಿಸುವರು. ಔಷಧಜ್ಞರಲ್ಲಿ ಕೆಲವರು ತಮ್ಮನ್ನು ಕೇವಲ ವರ್ತಕರೆಂದು ಬಗೆದು, ಚೀಟಿಯಿಲ್ಲದೆಯೂ ಮಾರುವರು. ಈ ಎರಡು ದೋಷಗಳು ಪರಸ್ಪರ ಪೋಷಕಗಳು. ಬರಿಯ ಅಂಗಡಿಯವನೆಂದು ಕಾಣಲ್ಪಟ್ಟವನು ಕ್ರಮೇಣ ಹಾಗೆಯೇ ನಡೆಯುವನು. ಇದಕ್ಕೆ ಬೇರೊಂದು ಮಾರ್ಗವುಂಟು: ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿ 1990ರ ದಶಕದಿಂದಲೇ ಔಷಧಜ್ಞರು ವೈದ್ಯರೊಡನೆ ರೋಗಿಗಳ ಬಳಿಗೆ ಹೋಗಿ ಔಷಧಗಳನ್ನು ಪರಿಶೀಲಿಸುವ ಪದ್ಧತಿಯು ಬೆಳೆದುಬಂದಿದೆ.

ಗ್ರಾಮಕ್ಕೆ ಅಷ್ಟು ದೊಡ್ಡ ಏರ್ಪಾಡು ಬೇಡ. ವೈದ್ಯರು ಸ್ಫುಟವಾಗಿ ಬರೆದು, ಚೀಟಿಯಲ್ಲಿ ತಮ್ಮ ದೂರವಾಣಿಯ ಸಂಖ್ಯೆಯನ್ನು ಕೊಡಲಿ. ಔಷಧಜ್ಞನು ಸಂಶಯ ಬಂದಾಗ ಸಂಕೋಚವಿಲ್ಲದೆ ಕೇಳಲಿ. ಒಂದೊಂದು ಅಂಗಕ್ಕೆ ಒಬ್ಬೊಬ್ಬ ತಜ್ಞರನ್ನು ಕಾಣುವ ಪಟ್ಟಣಿಗರಾದ ನಮಗೂ ಒಂದು ಕರ್ತವ್ಯವುಂಟು. ಹೊಸ ಚೀಟಿಯೊಡನೆ ಹಳೆಯ ಚೀಟಿಗಳನ್ನೂ ಔಷಧಜ್ಞನ ಮುಂದಿಡೋಣ. ಅವನು ಎರಡು ನಿಮಿಷ ಓದಿದರೆ, ತಡವಾಯಿತೆಂದು ಗೊಣಗದಿರೋಣ.