ದೀಪದಡಿಯ ತುಳಸಿ

ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ನವರಾತ್ರಿ ಬಂತೆಂದರೆ ದೇವರ ಕೋಣೆಯಲ್ಲಿ ಘಟಸ್ಥಾಪನೆಯಾಗುತ್ತಿತ್ತು. ಹದವಾದ ಮಣ್ಣು ಹರಡಿ, ಗೋದಿ, ಜೋಳ, ಹೆಸರು ಮೊದಲಾದ ಕಾಳುಗಳನ್ನು ಬಿತ್ತಿ, ನಡುವೆ ಕಲಶವಿಟ್ಟು, ಪಕ್ಕದಲ್ಲಿ ನಂದಾದೀಪ ಹಚ್ಚಿದರೆ ಅದು ಒಂಬತ್ತು ದಿನ ಆರುವಂತಿಲ್ಲ. ವಿಜಯದಶಮಿಯ ಹೊತ್ತಿಗೆ ಸಸಿಗಳು ಗೇಣುದ್ದ ನಿಲ್ಲುತ್ತಿದ್ದವು. ಅವುಗಳ ಬಣ್ಣ ಹಸಿರಲ್ಲ. ಬೆಳ್ಳಗೆ ತಿರುಗಿದ ಹಳದಿ. ಅದು ಬಂಗಾರದ ಬಣ್ಣವೆಂದು ನಂಬಿ ನಾವು ಹುಡುಗರು ಟೋಪಿಗೆ ಸಿಕ್ಕಿಸಿಕೊಂಡು ಬೀದಿಯೆಲ್ಲ ಸುತ್ತುತ್ತಿದ್ದೆವು. ಅದು ಹಸಿವಿನ ಬಣ್ಣವೆಂದು ನನಗೆ ತಿಳಿದದ್ದು ಬಹುಕಾಲದ ಮೇಲೆ, ಬೆಂಗಳೂರಿನಲ್ಲಿ.

ನಿವೃತ್ತಿಯ ನಂತರ ನಾವು ಇಲ್ಲಿನ ಮೂರನೆಯ ಮಹಡಿಯ ಮನೆಯೊಂದಕ್ಕೆ ಬಂದೆವು. ಉತ್ತರಕ್ಕೆ ಮುಖ, ಎದುರಿಗೆ ಮತ್ತೊಂದು ಕಟ್ಟಡದ ಗೋಡೆ. ಎಂಬತ್ತೆರಡರ ಅವ್ವ ಊರಿನ ವೃಂದಾವನದ ತುಳಸಿಯ ಒಂದು ಸಸಿಯನ್ನು ಮಡಿಲಲ್ಲಿಟ್ಟುಕೊಂಡೇ ರೈಲಿನಲ್ಲಿ ಬಂದಿದ್ದಳು. ಅದು ಅವಳ ಅತ್ತೆ ನೆಟ್ಟ ಗಿಡದ ಸಂತತಿ. ತಿಂಗಳೆರಡು ಕಳೆಯುವುದರೊಳಗೆ ಎಲೆಗಳು ಕಿರಿದಾದವು, ಕಾಂಡ ಸೊರಗಿ ಉದ್ದವಾಗಿ ಕಿಟಕಿಯತ್ತ ಬಾಗಿತು. ನೀರು ಹೆಚ್ಚಿಸಿದೆ, ಗೊಬ್ಬರ ಹಾಕಿದೆ. ಗಿಡ ಇನ್ನಷ್ಟು ಕೆಟ್ಟಿತು. ಹಜಾರದ ದೀಪಗಳನ್ನೆಲ್ಲ ಹೊತ್ತಿಸಿಟ್ಟೆ. “ದೀಪ ಇಷ್ಟು ಉರೀತದ, ಗಿಡಕ್ಕ ಯಾಕ ಸಾಲವಲ್ದಪಾ?” ಎಂದಳು ಅವ್ವ.

ಕೇಳುಗರೇ, ಈ ಪ್ರಶ್ನೆ ನಮ್ಮ ಕಣ್ಣಿನ ಸೋಗನ್ನು ಬಯಲಿಗೆಳೆಯುವಂಥದು. ಬೆಳಕು ಕುಗ್ಗಿದಂತೆ ಕಣ್ಣು ತನ್ನನ್ನು ಹೊಂದಿಸಿಕೊಂಡು ಎಲ್ಲವೂ ಸರಿಯಾಗಿದೆ ಎಂದು ನಮ್ಮನ್ನು ನಂಬಿಸುತ್ತದೆ. ಬೇಸಿಗೆಯ ನಡುಹಗಲಿನ ಬಯಲಿನಲ್ಲಿ ಬೆಳಕಿನ ಅಳತೆ ಸುಮಾರು 1 ಲಕ್ಷ ಲಕ್ಸ್. ರಾತ್ರಿ ದೀಪ ಹಚ್ಚಿದ ಹಜಾರದಲ್ಲಿ 200–300 ಇದ್ದರೆ ಹೆಚ್ಚು. ನಾವು ಪುಸ್ತಕ ಓದುವ ಬೆಳಕಿನಲ್ಲಿ ತುಳಸಿ ಉಪವಾಸ ಬೀಳುತ್ತದೆ. ಗಿಡಕ್ಕೆ ಬೆಳಕು ನೋಡುವ ಸಾಧನವಲ್ಲ. ಅದು ಅದರ ಊಟದ ಒಲೆ. ಒಲೆ ಉರಿಯದಿದ್ದಾಗ ನೀರು ಗೊಬ್ಬರ ಸುರಿಯುವುದೆಂದರೆ ಬೇರು ಕೊಳೆಯಲು ಬಿಟ್ಟಂತೆ.

ದೀಪವೆಷ್ಟು ಎಂಬುದಕ್ಕಿಂತ ಎಷ್ಟು ಹತ್ತಿರ ಎಂಬುದೇ ಮುಖ್ಯ. ಚಿಕ್ಕ ಬಲ್ಬೊಂದರಿಂದ ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಹಳೆಯ ತಂತಿಯ ಬಲ್ಬುಗಳನ್ನು ಹೀಗೆ ಹತ್ತಿರ ತಂದರೆ ಎಲೆ ಸುಟ್ಟೀತು, ಅವು ಕೊಡುತ್ತಿದ್ದುದು ಬಹುಪಾಲು ಶಾಖವೇ. ಎಲ್‌ಇಡಿ ಬಂದ ಮೇಲೆ ಈ ತೊಡಕು ತಗ್ಗಿದೆ. ಎಲೆಗಳು ಕೆಂಪು, ನೀಲಿ ಬೆಳಕನ್ನು ಹೆಚ್ಚಾಗಿ ಹೀರುತ್ತವೆಂಬುದು ನಿಜ. ಅಂಗಡಿಯವನ ಮಾತಿಗೆ ಮರುಳಾಗಿ ನಾನು ನೇರಳೆ ಬೆಳಕಿನ ದೀಪ ತಂದೆ. ಆ ಬೆಳಕಿನಲ್ಲಿ ಎಲೆ ಹಳದಿಯೋ ಹಸಿರೋ ತಿಳಿಯದು, ಮನೆಯೋ ನಾಟಕದ ರಂಗಸ್ಥಳದಂತಾಯಿತು. ಕಡೆಗೆ 20 ವ್ಯಾಟಿನ ಸಾಧಾರಣ ಬಿಳಿಯ ಕೊಳವೆಯನ್ನೇ ಗಿಡದ ಮೇಲೆ ಒಂದಡಿ ಅಂತರದಲ್ಲಿ ತೂಗುಹಾಕಿ, ದಿನಕ್ಕೆ 14 ಗಂಟೆ ಉರಿಸಿದೆ. ತಿಂಗಳಿಗೆ ಎಂಟೂವರೆ ಯೂನಿಟ್ಟಿನೊಳಗೆ ಮುಗಿಯುವ ಖರ್ಚು. ಮೂರು ವಾರದಲ್ಲಿ ಹೊಸ ಚಿಗುರು ಮೊದಲಿನ ಅಗಲಕ್ಕೆ ಬಂತು. ಪಕ್ಕದ ತಟ್ಟೆಗಳಲ್ಲಿ ಮೆಂತ್ಯ ಬಿತ್ತಿದೆವು. ಸಾರಿಗೆ, ಪಲ್ಯಕ್ಕೆ ಕೊಯ್ಯುವಷ್ಟಾಯಿತು.

ಉತ್ಸಾಹದಿಂದ ಅವ್ವ ಸೇವಂತಿಗೆಯ ಕುಂಡವೊಂದನ್ನೂ ಅದೇ ದೀಪದಡಿಗೆ ತರಿಸಿದಳು. ಸೊಂಪಾಗಿ ಬೆಳೆಯಿತು, ಹೂ ಮಾತ್ರ ಬಿಡಲಿಲ್ಲ. ದಸರೆ ಹೋಯಿತು, ದೀಪಾವಳಿಯೂ ಹೋಯಿತು. ಆ ದಿನಗಳಲ್ಲೊಮ್ಮೆ ರಾತ್ರಿ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದತ್ತ ಹೋಗುವಾಗ ಹೊಲಗಳ ಮೇಲೆ ಸಾಲುಸಾಲು ಬಲ್ಬುಗಳು ಉರಿಯುವುದನ್ನು ಕಂಡೆ. ಜಾತ್ರೆಯೆಂದುಕೊಂಡಿದ್ದೆ, ಪಕ್ಕದಲ್ಲಿದ್ದ ರೈತರೊಬ್ಬರು ಸೇವಂತಿಗೆಯ ತೋಟವೆಂದರು. ರಾತ್ರಿ ಬೆಳಕು ಕೊಟ್ಟರೆ ಗಿಡ ಹೂವಿಗೆ ಬಾರದೆ ಬೆಳೆಯುತ್ತಲೇ ಇರುತ್ತದೆ, ಬೇಕೆಂದಾಗ ದೀಪ ಆರಿಸಿದರಾಯಿತು ಎಂದರು. ನನ್ನ ಹಜಾರದಲ್ಲಿ ನಡೆಯುತ್ತಿದ್ದುದು ಅದೇ! 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲರ್ಡ್ ತಂಬಾಕಿನ ತಳಿಯೊಂದರಲ್ಲಿ ಕಂಡು ಪ್ರಕಟಿಸಿದ ಸಂಗತಿಯಿದು: ಗಿಡ ಹಗಲಿನ ಉದ್ದವನ್ನರಿತು ಹೂ ಬಿಡುತ್ತದೆ. ಅದು ಎಣಿಸುವುದು ನಿಜವಾಗಿ ಕತ್ತಲನ್ನೇ ಎಂದು ಮುಂದೆ ತಿಳಿಯಿತು. ನಡುರಾತ್ರಿಯ ಅಲ್ಪ ಬೆಳಕೂ ಸೇವಂತಿಗೆಯ ಲೆಕ್ಕವನ್ನು ಕೆಡಿಸಬಲ್ಲದು. ಊಟಕ್ಕೆ ಸಾಲದ ಬೆಳಕು ಸುದ್ದಿಗೆ ಸಾಕಾಗುತ್ತದೆ. ನಾವು ರಾತ್ರಿ ಹತ್ತರವರೆಗೆ ಹಜಾರದಲ್ಲಿ ಕುಳಿತು ಹರಟುತ್ತಿದ್ದೆವು. ಪಾಪ, ಅದು ಹಗಲೆಂದೇ ತಿಳಿದಿತ್ತು.

ಅಂದಿನಿಂದ ಸಂಜೆ ಆರಕ್ಕೆ ಸೇವಂತಿಗೆಯ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಕವುಚಿ, ಬೆಳಗ್ಗೆ ಎಂಟಕ್ಕೆ ತೆಗೆಯುತ್ತೇವೆ. ಅವ್ವನಿಗೆ ಮೊದಲು ಇದು ಒಪ್ಪಿಗೆಯಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗಿಡವನ್ನು ಮುಚ್ಚಿಡುವುದು ಅಶುಭವೆಂದಳು. ಈಗ ಅವಳೇ ಮೊದಲು ಪೆಟ್ಟಿಗೆ ಕವುಚಿ, ಆಮೇಲೆ ತುಳಸಿಗೆ ಹಣತೆ ಹಚ್ಚುತ್ತಾಳೆ. ಐದು ವಾರವಾಯಿತು. ನಿನ್ನೆ ಬೆಳಗ್ಗೆ ಪೆಟ್ಟಿಗೆ ತೆಗೆದವಳು ಕನ್ನಡಕ ತರಲು ನನ್ನನ್ನು ಒಳಗೆ ಕಳಿಸಿದಳು. ಎಣಿಸಿದಾಗ ಏಳು ಮೊಗ್ಗುಗಳಿದ್ದವು.