ವಾರಸುದಾರರಿಗಾಗಿ ಕಾದಿರುವ ಹಣ
(ಉತ್ಸವದ ಸಂದರ್ಭದಲ್ಲಿ ಆರ್.ಎಸ್. ಪುರಂನ ಭಕ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉತ್ಸವ ಬಂತೆಂದರೆ ಮನೆಯ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಕೆಳಗಿಳಿಯುವುದು ವಾಡಿಕೆ. ಬೆಳ್ಳಿಯ ದೀಪ, ಹಿತ್ತಾಳೆಯ ಹರಿವಾಣ, ಅಜ್ಜಿಯ ಕಾಲದ ರೇಷ್ಮೆ ಸೀರೆ ಹೊರಗೆ ಬರುತ್ತವೆ. ಆ ಪೆಟ್ಟಿಗೆಯ ತಳದಲ್ಲಿ ಹಾಸಿರುವ ಕಾಗದಗಳ ಕಡೆಗೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ. ಗಿರಣಿಯ ಸಂಬಳದ ಚೀಟಿ, ನ್ಯಾಯಾಲಯದ ಆದೇಶದ ನಕಲು, ವಿದ್ಯುತ್ ಮಂಡಳಿಗೆ ಠೇವಣಿ ಕಟ್ಟಿದ ರಸೀತಿ, ಈಗ ಆ ಹೆಸರಿನಲ್ಲಿ ಇಲ್ಲವೇ ಇಲ್ಲದ ಬ್ಯಾಂಕಿನ ಪಾಸ್ ಪುಸ್ತಕ, ಇವೆಲ್ಲ ಅಲ್ಲಿಯೇ ಮತ್ತೆ ಮಡಿಚಿ ಬೀಳುತ್ತವೆ. ಇಂದಿನ ಮಾತು ಆ ಕಾಗದಗಳನ್ನು ಕುರಿತದ್ದು.

ಸರ್ಕಾರದ ಕೈ ಸೇರಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂಬ ಭಾವನೆ ಜನರಲ್ಲಿ ಬಲವಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. ಸಂವಿಧಾನದ 296ನೆಯ ವಿಧಿಯಂತೆ ವಾರಸುದಾರರಿಲ್ಲದ ಸ್ವತ್ತು ಸರ್ಕಾರಕ್ಕೆ ಸೇರುತ್ತದೆ, ನಿಜ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 29ನೆಯ ಕಲಮೂ ಅದನ್ನೇ ಹೇಳುತ್ತದೆ. ಆದರೆ ಅಲ್ಲಿ ಮುಖ್ಯವಾದದ್ದು 'ವಾರಸುದಾರರಿಲ್ಲದ' ಎಂಬ ಮಾತು. ವಾರಸುದಾರರಿದ್ದೂ ಕೇಳದೆ ಇರುವ ಹಣ ಬೇರೆ, ವಾರಸುದಾರರೇ ಇಲ್ಲದ ಹಣ ಬೇರೆ. ಈ ಎರಡರ ನಡುವಿನ ಗೆರೆಯನ್ನು ಎಳೆಯಲು ಈ ದೇಶದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಆ ಕಥೆ ಕೊಯಮತ್ತೂರಿನಂಥ ಗಿರಣಿಗಳ ಊರಿಗೆ ಚೆನ್ನಾಗಿ ಒಪ್ಪುತ್ತದೆ.

ರಾಬರ್ಟ್ ಸ್ಟೇನ್ಸ್ ಅವರು 1888ರಲ್ಲಿ ಇಲ್ಲಿ ನೂಲಿನ ಗಿರಣಿ ಸ್ಥಾಪಿಸಿದರು. 1930ರ ದಶಕದಲ್ಲಿ ಪೈಕಾರಾದ ಜಲವಿದ್ಯುತ್ ಬಂದ ಮೇಲೆ ಗಿರಣಿಗಳು ಒಂದರ ಹಿಂದೊಂದು ತಲೆಯೆತ್ತಿದವು. ಮನೆಯಲ್ಲಿ ಕನ್ನಡವಾಡುವ ದೇವಾಂಗ, ಒಕ್ಕಲಿಗ ಕುಟುಂಬಗಳಿಂದಲೂ ಆ ಗಿರಣಿಗಳಿಗೆ ದುಡಿಯಲು ಹೋದವರುಂಟು. ಕೆಲಸ ಬಿಟ್ಟು ಊರಿಗೆ ಹೋದವನು, ಕಾಯಿಲೆ ಬಿದ್ದವನು, ಮುಷ್ಕರದ ಕಾಲದಲ್ಲಿ ಬೇರೆ ಗಿರಣಿ ಸೇರಿದವನು, ಇಂಥವರ ಕೊನೆಯ ಕೆಲವು ದಿನಗಳ ಸಂಬಳ, ಬೋನಸ್ಸಿನ ಪಾಲು ಗಿರಣಿಯ ಲೆಕ್ಕದಲ್ಲಿಯೇ ಉಳಿದುಬಿಡುತ್ತಿತ್ತು. ಒಬ್ಬೊಬ್ಬರದು ಅಲ್ಪ ಮೊತ್ತ. ಸಾವಿರಾರು ಜನರದು ಕೂಡಿದರೆ ಅಲ್ಪವಲ್ಲ.

ಈ ಹಣ ಯಾರದು? ಮುಂಬಯಿ ಸರ್ಕಾರ 1953ರಲ್ಲಿ ಕಾರ್ಮಿಕ ಕಲ್ಯಾಣ ನಿಧಿ ಕಾಯಿದೆಯನ್ನು ತಂದು, ಮೂರು ವರ್ಷ ಯಾರೂ ಪಡೆಯದ ಸಂಬಳವನ್ನು ಮಾಲೀಕರು ನಿಧಿಗೆ ಕಟ್ಟಬೇಕೆಂದಿತು. ಬಾಂಬೆ ಡೈಯಿಂಗ್ ಕಂಪನಿ ಇದನ್ನು ಪ್ರಶ್ನಿಸಿತು. 1957ರ ಡಿಸೆಂಬರಿನಲ್ಲಿ ತೀರ್ಪು ಬಂದಿತು. ಅದರಲ್ಲಿ ನ್ಯಾಯಾಲಯ ಹೇಳಿದ ಒಂದು ವಿಷಯ ಪ್ರತಿಯೊಂದು ಮನೆಯವರೂ ನೆನಪಿಡುವಂಥದ್ದು. ಕಾಲಮಿತಿ ಮೀರಿದರೆ ದಾವೆ ಹೂಡುವ ದಾರಿ ಮುಚ್ಚಬಹುದು, ಆದರೆ ಸಾಲ ಸಾಯುವುದಿಲ್ಲ. ಕಾರ್ಮಿಕನಿಗೆ ಬರಬೇಕಾದ ಸಂಬಳ ಮೂರು ವರ್ಷ ಕಳೆದರೂ ಅವನ ಸ್ವತ್ತೇ. ಆದ್ದರಿಂದ ಆ ಹಣವನ್ನು ನಿಧಿಗೆ ಸೆಳೆದುಕೊಳ್ಳುವ ಭಾಗ ನಿಲ್ಲಲಿಲ್ಲ.

ಹಾಗೆಂದು ಆ ಹಣ ಮಾಲೀಕರ ಬಳಿಯೇ ಉಳಿಯುವುದೂ ನ್ಯಾಯವೆನಿಸಲಿಲ್ಲ. 1961ರಲ್ಲಿ ಕಾನೂನನ್ನು ತಿದ್ದಿದರು. ಹಣ ಮಂಡಳಿಗೆ ಹೋಗಲಿ, ಆದರೆ ಕಾರ್ಮಿಕರಿಗೆ ತಿಳಿಯುವಂತೆ ನೋಟಿಸು ಹೊರಡಿಸಬೇಕು, ಬಂದು ಕೇಳಿದವರಿಗೆ ಕೊಡಬೇಕು, ಗೊತ್ತುಪಡಿಸಿದ ಅವಧಿಯಲ್ಲಿ ಯಾರೂ ಬರದಿದ್ದರೆ ಮಾತ್ರ ಅದು ವಾರಸುದಾರರಿಲ್ಲದ ಸ್ವತ್ತು ಎಂದಾಯಿತು. ಗುಜರಾತಿನ ಇಂಥದೇ ಕಾನೂನನ್ನು ಅಂಬಿಕಾ ಮಿಲ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಷ್ಟರಲ್ಲಿ ಮೈಸೂರು ರಾಜ್ಯ 1965ರಲ್ಲಿ, ತಮಿಳುನಾಡು 1972ರಲ್ಲಿ ತಮ್ಮ ತಮ್ಮ ಕಾರ್ಮಿಕ ಕಲ್ಯಾಣ ನಿಧಿ ಕಾಯಿದೆಗಳನ್ನು ಮಾಡಿದ್ದವು. ತಮಿಳುನಾಡಿನ ಕಾಯಿದೆಯಲ್ಲಿಯೂ ಮೂರು ವರ್ಷ ಪಾವತಿಯಾಗದ ಸಂಬಳ ಮತ್ತು ಗ್ರಾಚ್ಯುಟಿ ಚೆನ್ನೈನಲ್ಲಿರುವ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗಬೇಕು. ಭವಿಷ್ಯನಿಧಿಯ ಹಣ ಇದರಲ್ಲಿ ಸೇರುವುದಿಲ್ಲ. ಅದು ಕೇಂದ್ರದ ಭವಿಷ್ಯನಿಧಿ ಕಚೇರಿಯ ಲೆಕ್ಕ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನೋಟಿಸು ಹೊರಡಿಸಿದೆವು ಎಂಬುದರಿಂದ ಕಾನೂನಿಗೆ ತೃಪ್ತಿಯಾಗಬಹುದು. ಗಿರಣಿಯನ್ನು ಬಿಟ್ಟುಹೋದವನು ಗಿರಣಿಯ ಗೋಡೆಯ ಮೇಲಿನ ನೋಟಿಸನ್ನು ಹೇಗೆ ಓದಿಯಾನು? ತಂದೆ ದುಡಿದ ಗಿರಣಿಯ ಹೆಸರು, ಬಿಟ್ಟ ವರ್ಷ, ಟೋಕನ್ ನಂಬರು ಇಷ್ಟು ತಿಳಿದಿರುವ ಮನೆಯವರು ತಾವಾಗಿಯೇ ಮಂಡಳಿಗೆ ಬರೆದು ಕೇಳುವುದೊಂದೇ ದಾರಿ. ಬಹಳ ಹಳೆಯದಾಗಿದ್ದರೆ ಅವಧಿ ಮುಗಿದಿದೆ ಎಂಬ ಉತ್ತರ ಬರಬಹುದು. ಅದನ್ನೂ ಬರಹದಲ್ಲಿ ಪಡೆಯುವುದು ಒಳ್ಳೆಯದು.

ಸಂಬಳಕ್ಕಿಂತ ದೊಡ್ಡ ಮೊತ್ತಗಳು ಇರುವುದು ನ್ಯಾಯಾಲಯಗಳಲ್ಲಿ. ಸರ್ಕಾರ ರಸ್ತೆಗೋ ಅಣೆಕಟ್ಟಿಗೋ ಭೂಮಿ ಪಡೆಯುವಾಗ ಪರಿಹಾರ ಕೊಡುತ್ತದೆ. ಭೂಮಿ ಯಾರದೆಂಬ ವ್ಯಾಜ್ಯವಿದ್ದರೆ, ಒಡೆಯರು ಹಣ ಬೇಡವೆಂದರೆ, ಮಾರುವ ಅಧಿಕಾರವುಳ್ಳವರು ಯಾರೂ ಇಲ್ಲದಿದ್ದರೆ, 1894ರ ಭೂಸ್ವಾಧೀನ ಕಾಯಿದೆಯ 31ನೆಯ ಕಲಮಿನಂತೆ ಕಲೆಕ್ಟರರು ಆ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡುತ್ತಿದ್ದರು. 2013ರ ಹೊಸ ಕಾಯಿದೆಯಲ್ಲಿಯೂ ಠೇವಣಿ ಇಡುವ ಏರ್ಪಾಡು ಉಂಟು. ಭವಾನಿಸಾಗರದ ನೀರಿನಲ್ಲಿ ಮುಳುಗಿದ ದಣಾಯಕನ ಕೋಟೆಯನ್ನು ಹಿರಿಯರು ಬಲ್ಲರು. ಹೊಯ್ಸಳರ ದಂಡನಾಯಕರ ಹೆಸರು ಹೊತ್ತ ಆ ಕೋಟೆ, ಅದರ ದೇವಾಲಯಗಳು, ಸುತ್ತಲಿನ ಹೊಲಗಳು 1950ರ ದಶಕದಲ್ಲಿ ಜಲಾಶಯದ ಪಾಲಾದವು. ಸತ್ಯಮಂಗಲದ ಆ ಸೀಮೆ ಆಗ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಅಣ್ಣತಮ್ಮಂದಿರ ಪಾಲು ತೀರದೆ ಪರಿಹಾರ ಠೇವಣಿಗೆ ಹೋಗುವುದು ಇಂಥ ಸ್ವಾಧೀನಗಳಲ್ಲಿ ನಡೆಯುವಂಥದ್ದೇ. ಪಾಲಿನ ಜಗಳ ಮುಗಿಯುವ ಹೊತ್ತಿಗೆ ಜಗಳವಾಡಿದವರೇ ಇರುವುದಿಲ್ಲ. ಹಣ ಇರುತ್ತದೆ.

ಠೇವಣಿಯ ಹಣ ಎಷ್ಟು ಕಾಲ ಹಾಗೆಯೇ ಇರುತ್ತದೆ ಎಂದು ಕೇಳಬಹುದು. ಮೂರು ಪೂರ್ಣ ಲೆಕ್ಕವರ್ಷ ಯಾರೂ ಕೇಳದ ಠೇವಣಿಯನ್ನು ಮಾರ್ಚ್ 31ರಂದು ಸರ್ಕಾರದ ಖಾತೆಗೆ ಜಮೆ ಮಾಡುವುದು ಖಜಾನೆಗಳ ಹಳೆಯ ಪದ್ಧತಿ. 'ಲ್ಯಾಪ್ಸ್ ಆಗಿದೆ' ಎಂದು ಗುಮಾಸ್ತರು ಹೇಳುವುದು ಇದನ್ನೇ. ಆ ಮಾತು ಕೇಳಿ ಎಷ್ಟೋ ಮಂದಿ ಮೆಟ್ಟಿಲಿಳಿದು ಬಂದುಬಿಡುತ್ತಾರೆ. ಲ್ಯಾಪ್ಸ್ ಎಂದರೆ ಲೆಕ್ಕದ ತಲೆಬರಹ ಬದಲಾಗಿದೆ ಎಂದಷ್ಟೇ ಅರ್ಥ. ನ್ಯಾಯಾಲಯದ ಆದೇಶ ಮತ್ತು ಲೆಕ್ಕಪತ್ರ ಅಧಿಕಾರಿಗಳ ಮಂಜೂರಾತಿ ದೊರೆತರೆ ಅದು ಮರಳಿ ಬರುತ್ತದೆ. ಓಡಾಟ ಹೆಚ್ಚು, ಅಷ್ಟೆ.

ಇನ್ನು ಅಪಘಾತದ ಪರಿಹಾರ. ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋಗುತ್ತಿದ್ದ ತಂದೆ ಲಾರಿಗೆ ಸಿಕ್ಕಿ ತೀರಿಕೊಂಡ. ಮಗುವಿಗೆ ಆಗ ನಾಲ್ಕು ವರ್ಷ. ನ್ಯಾಯಮಂಡಳಿ ಪರಿಹಾರ ವಿಧಿಸಿ ಮಗುವಿನ ಪಾಲನ್ನು ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿಡಲು ಹೇಳಿತು. ಕೇರಳ ರಸ್ತೆ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಒಳ್ಳೆಯ ಕ್ರಮ ಅದು. ನೆಂಟರಿಷ್ಟರ ಕೈಯಿಂದ ಮಗುವಿನ ಹಣವನ್ನು ಕಾಪಾಡುತ್ತದೆ. ಆದರೆ ಹದಿನಾಲ್ಕು ವರ್ಷ ಎಂದರೆ ದೀರ್ಘ ಕಾಲ. ತಾಯಿ ತವರಿಗೆ ಹೋದಳು, ವಕೀಲರು ಕಾಲವಾದರು, ಬ್ಯಾಂಕು ಬೇರೆ ಬ್ಯಾಂಕಿನಲ್ಲಿ ಲೀನವಾಯಿತು. ಕಾಲೇಜಿನ ಶುಲ್ಕಕ್ಕೆ ಸಾಲ ಹುಡುಕುತ್ತಿರುವ ಆ ಮಗುವಿಗೆ ತನ್ನ ಹೆಸರಿನಲ್ಲಿ ಹಣವಿರುವುದೇ ಗೊತ್ತಿಲ್ಲ.

ಇದು ಬರೀ ಊಹೆಯ ಮಾತಲ್ಲ. ಗುಜರಾತಿನ ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರು ಬರೆದ ಪತ್ರವನ್ನು ಆಧರಿಸಿ 2024ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಮೋಟಾರು ಅಪಘಾತ ನ್ಯಾಯಮಂಡಳಿಗಳಲ್ಲಿ, ಕಾರ್ಮಿಕ ನ್ಯಾಯಾಲಯಗಳಲ್ಲಿ ಯಾರೂ ಕೇಳದೆ ಬಿದ್ದಿರುವ ಪರಿಹಾರ ಕೆಲವು ರಾಜ್ಯಗಳಲ್ಲಿ ನೂರಾರು ಕೋಟಿ ರೂಪಾಯಿ ಎಂದು ತಿಳಿದುಬಂತು. 2025ರ ಏಪ್ರಿಲ್ ತಿಂಗಳ ತೀರ್ಪಿನಲ್ಲಿ, ಹಕ್ಕುದಾರರನ್ನು ಕಾನೂನು ಸೇವಾ ಪ್ರಾಧಿಕಾರಗಳ ಮೂಲಕ ಹುಡುಕಿಸಬೇಕು, ಹಣ ನೇರವಾಗಿ ಅವರ ಬ್ಯಾಂಕ್ ಖಾತೆಗೆ ಹೋಗುವಂತಾಗಬೇಕು ಎಂದು ನಿರ್ದೇಶಿಸಿತು. ಇಷ್ಟು ಕಾಲ ಜನ ಹಣವನ್ನು ಹುಡುಕಬೇಕಿತ್ತು. ಈಗ ಜನರನ್ನು ಹುಡುಕುವ ಹೊಣೆ ಹಣವಿಟ್ಟುಕೊಂಡವರ ಮೇಲೂ ಬಿದ್ದಿದೆ. ಹಾಗೆಂದು ಕೈಕಟ್ಟಿ ಕೂರುವುದು ಜಾಣತನವಲ್ಲ. ಇಲ್ಲಿ ಅಪಘಾತದ ಅರ್ಜಿಗಳಿಗೆ ಎಂ.ಸಿ.ಒ.ಪಿ. ಎಂಬ ಸಂಖ್ಯೆ, ಕರ್ನಾಟಕದಲ್ಲಿ ಎಂ.ವಿ.ಸಿ. ಆ ಸಂಖ್ಯೆ ಮತ್ತು ವರ್ಷ ಸಿಕ್ಕಿದರೆ ಅರ್ಧ ಕೆಲಸವಾದಂತೆ. ತಿರುಪ್ಪೂರು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ಕಡತ ಕೊಯಮತ್ತೂರಿನಲ್ಲಿದೆಯೋ ಅಲ್ಲಿಗೆ ಹೋಗಿದೆಯೋ ಎರಡೂ ಕಡೆ ವಿಚಾರಿಸಬೇಕು.

ಕನ್ನಡದ ಮನೆಗಳಿಗೆ ಇನ್ನೊಂದು ತೊಡಕು ಹೆಸರಿನದು. ತಮಿಳು ಲಿಪಿಯಲ್ಲಿ 'ಕ'ಗೂ 'ಗ'ಗೂ, 'ಪ'ಗೂ 'ಬ'ಗೂ ಒಂದೇ ಅಕ್ಷರ. ಮನೆಯಲ್ಲಿ ಬಸಪ್ಪನಾಗಿದ್ದವರು ಗಿರಣಿಯ ಪುಸ್ತಕದಲ್ಲಿ ಪಸಪ್ಪ, ದೊಡ್ಡಯ್ಯನವರು ಪಡಿತರ ಚೀಟಿಯಲ್ಲಿ ತೊಟ್ಟಯ್ಯ. ಅದನ್ನು ಮತ್ತೆ ಇಂಗ್ಲಿಷಿಗೆ ತಂದಾಗ ಹೊಸದೊಂದು ರೂಪ. ಇನಿಷಿಯಲ್ಲು ಒಂದು ಕಡೆ ತಂದೆಯದು, ಇನ್ನೊಂದು ಕಡೆ ಊರಿನದು. ರತ್ನಸಭಾಪತಿ ಮೊದಲಿಯಾರರ ಹೆಸರಿನ ಈ ಬಡಾವಣೆಯೇ ಆರ್.ಎಸ್. ಎಂಬ ಎರಡಕ್ಷರವಾಗಿ ಕುಳಿತಿರುವಾಗ ಬಡ ಕಾರ್ಮಿಕರ ಹೆಸರಿನ ಪಾಡನ್ನು ಹೇಳುವುದೇನಿದೆ! ಆದ್ದರಿಂದ ಪಟ್ಟಿಯಲ್ಲಿ ಹುಡುಕುವಾಗ ಒಂದೇ ಕಾಗುಣಿತದಲ್ಲಿ ಹುಡುಕಿ 'ಇಲ್ಲ' ಎಂದುಕೊಳ್ಳಬಾರದು. ಈ ಎಲ್ಲ ಹೆಸರುಗಳೂ ಒಬ್ಬರದೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಜೊತೆಗೆ ಶಾಲೆಯ ದಾಖಲೆಯನ್ನೋ ಹಳೆಯ ಗುರುತಿನ ಚೀಟಿಯನ್ನೋ ಇಡಬೇಕಾಗುತ್ತದೆ.

ಕೊಳ್ಳೇಗಾಲ ಮೂಲದವರಿಗೆ ಊರೇ ಬದಲಾದ ತೊಡಕು. ಆ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯದು. ಅಂದು ಮೈಸೂರು ರಾಜ್ಯಕ್ಕೆ ಸೇರಿ ಮೈಸೂರು ಜಿಲ್ಲೆಯಾಯಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಅಜ್ಜನ ಭೂಮಿಯ ಕಾಗದದಲ್ಲಿ ಯಾವ ಜಿಲ್ಲೆಯ ಮುದ್ರೆ ಇದೆ ಎಂದು ಮೊದಲು ನೋಡಿ ಆಮೇಲೆ ಬಸ್ಸು ಹತ್ತುವುದು ಲೇಸು.

ತೀರಿಕೊಂಡವರ ಹಣ ಕೇಳಲು ಮರಣ ಪ್ರಮಾಣಪತ್ರದ ಜೊತೆಗೆ ವಾರಸುದಾರರ ಪ್ರಮಾಣಪತ್ರ ಬೇಕು. ತಮಿಳುನಾಡಿನಲ್ಲಿ ಇದನ್ನು ತಹಸೀಲ್ದಾರರು ಕೊಡುತ್ತಾರೆ, ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ನಾಡಕಚೇರಿಯಲ್ಲಿ ವಂಶವೃಕ್ಷ ಸಿಗುತ್ತದೆ. ಮೊತ್ತ ದೊಡ್ಡದಾಗಿದ್ದರೆ ಅಥವಾ ಮನೆಯಲ್ಲಿ ಒಮ್ಮತವಿಲ್ಲದಿದ್ದರೆ 1925ರ ಉತ್ತರಾಧಿಕಾರ ಕಾಯಿದೆಯಂತೆ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಲು ಹೇಳಬಹುದು. ಎರಡೂ ಒಂದೇ ಎಂದು ತಿಳಿದು ತಿಂಗಳುಗಟ್ಟಲೆ ಅಲೆದವರಿದ್ದಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟು ಅರ್ಜಿ ಹಾಕುವ ಚಾಳಿ ಇನ್ನೂ ಹೋಗಿಲ್ಲ. ಅದು ತಪ್ಪು, ಮತ್ತು ಸಾಮಾನ್ಯವಾಗಿ ಅಲ್ಲಿಯೇ ಅರ್ಜಿ ಮುರಿದು ಬೀಳುತ್ತದೆ.

ಸಣ್ಣ ಬಾಬ್ತುಗಳೂ ಇವೆ. ಮನೆ ಬಿಟ್ಟು ವಿದ್ಯುತ್ ಸಂಪರ್ಕ ಒಪ್ಪಿಸುವಾಗ ಠೇವಣಿ ಮರಳಿ ಬರಬೇಕು. ನಗರಪಾಲಿಕೆಯ ಅಂಗಡಿ ಬಿಟ್ಟವರ ಮುಂಗಡ, ಗುತ್ತಿಗೆದಾರರ ಭದ್ರತಾ ಠೇವಣಿ ಕೂಡ ಹಾಗೆಯೇ. ಬಾಕಿ ಕಳೆದು ಉಳಿದದ್ದು ಅವರದೇ. ಮೂಲ ರಸೀತಿ ಇದ್ದರೆ ಸುಲಭ, ಇಲ್ಲದಿದ್ದರೆ ಕಚೇರಿಯ ಠೇವಣಿ ರಿಜಿಸ್ಟರಿನಲ್ಲಿ ವರ್ಷ ಹಿಡಿದು ಹುಡುಕಿಸಬೇಕು. ಮಾಹಿತಿ ಹಕ್ಕು ಕಾಯಿದೆ 2005ರಲ್ಲಿ ಬಂದ ಮೇಲೆ ಹೀಗೆ ಕೇಳುವುದಕ್ಕೆ ಒಂದು ಬಲ ಬಂದಿದೆ.

ಬ್ಯಾಂಕಿನ ಹಣ ರಾಜ್ಯ ಸರ್ಕಾರದ್ದಲ್ಲವಾದರೂ ಪೆಟ್ಟಿಗೆಯ ಪಾಸ್ ಪುಸ್ತಕಗಳಿಗಾಗಿ ಎರಡು ಮಾತು. ಹತ್ತು ವರ್ಷ ಮುಟ್ಟದ ಠೇವಣಿ 2014ರಿಂದೀಚೆಗೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೆ ಆ ಮೇಲೆಯೂ ಬ್ಯಾಂಕಿನಲ್ಲಿಯೇ ಕೇಳಿ ಪಡೆಯಬಹುದು. 2023ರ ಆಗಸ್ಟಿನಲ್ಲಿ ಆರಂಭವಾದ ಉದ್ಗಮ್ ಎಂಬ ತಾಣದಲ್ಲಿ ಹಲವು ಬ್ಯಾಂಕುಗಳ ಪಟ್ಟಿಯನ್ನು ಒಂದೇ ಕಡೆ ಹುಡುಕಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಪುಸ್ತಕವಿದ್ದರೆ ಭಾರತೀಯ ಸ್ಟೇಟ್ ಬ್ಯಾಂಕಿಗೆ ಹೋಗಬೇಕು, ಸಿಂಡಿಕೇಟ್ ಬ್ಯಾಂಕಿನದಾದರೆ ಕೆನರಾ ಬ್ಯಾಂಕಿಗೆ, ವಿಜಯಾ ಬ್ಯಾಂಕಿನದಾದರೆ ಬ್ಯಾಂಕ್ ಆಫ್ ಬರೋಡಾಕ್ಕೆ, ಕಾರ್ಪೊರೇಷನ್ ಬ್ಯಾಂಕಿನದಾದರೆ ಯೂನಿಯನ್ ಬ್ಯಾಂಕಿಗೆ. ಹೋಟೆಲಿನಲ್ಲಿ ದುಡಿದು ದಿನಕ್ಕಿಷ್ಟೆಂದು ಪಿಗ್ಮಿ ಕಟ್ಟಿದವರ ಮಕ್ಕಳು ಇದನ್ನು ಗಮನಿಸಬೇಕು.

ಅಮೆರಿಕದಲ್ಲಿ ಪ್ರತಿಯೊಂದು ರಾಜ್ಯವೂ ಇಂಥ ಹಣಕ್ಕೆ ಒಂದು ಇಲಾಖೆ ಇಟ್ಟು ಹೆಸರು ಹಾಕಿದರೆ ಪಟ್ಟಿ ಕಾಣುವಂತೆ ಮಾಡಿದೆ. ಮಕ್ಕಳು ಅಲ್ಲಿ ಮನೆ ಬದಲಿಸಿದವರಾಗಿದ್ದರೆ ಅವರೂ ಒಮ್ಮೆ ನೋಡಿಕೊಳ್ಳಬಹುದು. ಇಲ್ಲಿ ರಾಜ್ಯ ಸರ್ಕಾರದ ಬಾಬ್ತುಗಳಿಗೆಲ್ಲ ಅಂಥ ಒಂದೇ ಬಾಗಿಲಿಲ್ಲ. ಆ ಕೊರತೆಯಿಂದಲೇ, ಹಣ ತೆಗೆಸಿಕೊಡುತ್ತೇವೆ, ಕಾಲು ಭಾಗ ಕೊಡಿ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಮುಂಗಡ ಕೇಳುವವರಿಗೆ, ಫೋನಿನಲ್ಲಿ ಗುಪ್ತ ಸಂಖ್ಯೆ ಕೇಳುವವರಿಗೆ ಮೂಲ ಕಾಗದವನ್ನಾಗಲಿ ಸಹಿಯನ್ನಾಗಲಿ ಕೊಡಬಾರದು.

ನೆರವು ಬೇಕಾದವರಿಗೆ ಕೊಯಮತ್ತೂರಿನ ನ್ಯಾಯಾಲಯದ ಆವರಣದಲ್ಲಿಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯಿದೆಯ 12ನೆಯ ಕಲಮಿನಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಹೋಗುವಾಗ ಪೆಟ್ಟಿಗೆಯ ಕಾಗದಗಳ ಜೊತೆಗೆ, ಆ ಗಿರಣಿ, ಆ ಹೊಲ, ಆ ಹೆಸರು ಯಾರದೆಂದು ಬಲ್ಲ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಬೇಕು. ಅವರ ನಡೆಯುವ ಶಕ್ತಿ ಉಳಿದಿರುವಾಗಲೇ.